ಕೆಂಪು ವೈರು ಯಾವ ಕಡೆ

ಅಕ್ಕ ಮುಷ್ಟಿ ಬಿಗಿದು ಆಂಪ್ಲಿಫೈಯರಿನ ಪಕ್ಕೆಗೆ ಇನ್ನೊಮ್ಮೆ ಗುದ್ದಿದಳು. ಗುಡುಗಬೇಕಿತ್ತು. ಗುಡುಗಲಿಲ್ಲ.

ಗೆಣ್ಣಿನ ಚರ್ಮ ಸುಲಿದು ರಕ್ತ ಜಿನುಗಿತು. ಅದನ್ನು ಸೆರಗಿಗೆ ಒರೆಸಿಕೊಂಡು ಪೆಟ್ಟಿಗೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತಳು.

“ಬಾಯಿ ಬಿಡೋ,” ಎಂದಳು. “ಅವತ್ತು ಅಲ್ಲಿದ್ದ ಸಾಕ್ಷಿ ನೀನೊಬ್ಬನೇ.”

ಗುರುವಾರ ಮಧ್ಯಾಹ್ನ, ಟೈರ್ ಅಂಗಡಿಯ ಕೆಳಗಿನ ರಿಹರ್ಸಲ್ ಹಾಲಿನಲ್ಲಿ ಬ್ಯಾಂಡಿನ ಹಾಡುಗಾರನನ್ನು ಯಾರೋ ಬಡಿದು ಕೊಂದಿದ್ದರು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಅಕ್ಕನ ತಮ್ಮ, ಅದೇ ಬ್ಯಾಂಡಿನ ಗಿಟಾರ್ ವಾದಕ, ರಕ್ತದ ಕಲೆಯ ಅಂಗಿಯ ಸಮೇತ ಲಾಕಪ್ಪಿನಲ್ಲಿದ್ದ. ಇವತ್ತು ಭಾನುವಾರ. ನಾಳೆ ಹತ್ತು ಗಂಟೆಗೆ ಪೊಲೀಸ್ ಕಸ್ಟಡಿ ಮುಗಿದು ಮತ್ತೆ ಕೋರ್ಟು. ಅಲ್ಲಿಂದ ಸೀದಾ ಜೈಲು.

ಬೆಳಿಗ್ಗೆ ಅವನನ್ನು ನೋಡಿ ಬಂದಿದ್ದಳು. ಕೆಳತುಟಿ ಎರಡು ಹೋಳಾಗಿತ್ತು. ತಂತಿ ಒತ್ತುವ ಎಡಗೈಯ ಎರಡು ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಬಾಗಿಲ ಸಂದಿಗೆ ಸಿಕ್ಕಿಸಿದ್ದರಂತೆ.

“ನಾನು ಹೋದಾಗ ಅವನು ಬಿದ್ದಿದ್ದ ಅಕ್ಕ. ಎತ್ತಿ ಕೂರಿಸೋಕೆ ನೋಡಿದೆ. ತಲೆ ನಿಲ್ಲಲೇ ಇಲ್ಲ. ಹೆದರಿ ಓಡಿಬಂದೆ. ಅಷ್ಟೇ.”

“ಹಾಲಿನ ಆಂಪ್ಲಿಫೈಯರ್ ನನ್ನ ಹತ್ರ ರಿಪೇರಿಗೆ ಬಂದಿದೆ ಪುಟ್ಟಾ. ರಿವರ್ಬ್ ಸತ್ತಿದೆಯಂತೆ.”

ಅವನು ಒಡೆದ ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದ. ನೋವಿಗಿರಬೇಕು ಎಂದುಕೊಂಡಿದ್ದಳು.

ಆಂಪ್ಲಿಫೈಯರ್ ಕಳಿಸಿದ್ದು ಹಾಲಿನ ಓನರಮ್ಮ. “ಸ್ವಲ್ಪ ಗೊರಗೊರ ಅಂತಿತ್ತು, ಆದರೂ ಬುಧವಾರದವರೆಗೆ ಬಾವಿಯೊಳಗೆ ಕೂಗಿದ ಹಾಗೆ ಕೇಳಿಸ್ತಿತ್ತು,” ಎಂದಿದ್ದಳು ಫೋನಿನಲ್ಲಿ. “ಗುರುವಾರದಿಂದ ಆ ಗುಂಗು ಮೂಕ. ಸತ್ತವನ ದೆವ್ವ ಹೊಕ್ಕಿದೆ ಅಂತಾರೆ ಹುಡುಗರು. ದೆವ್ವ ಆದ್ರೆ ಬಿಡಿ, ವಾಲ್ವ್ ಆದ್ರೆ ಬದಲಾಯಿಸಿ.”

ಪೊಲೀಸರು ಅದನ್ನು ಮುಟ್ಟಿರಲಿಲ್ಲ. ಹೊರಮೈ ಮೇಲೆ ಒಂದು ಹನಿ ರಕ್ತವೂ ಬಿದ್ದಿರಲಿಲ್ಲ.

ಈ ಬಗೆಯ ಆಂಪ್ಲಿಫೈಯರಿನ ತಳದಲ್ಲಿ, ರೆಕ್ಸಿನ್ ಚೀಲದೊಳಗೆ, ಮೊಳದುದ್ದದ ಒಂದು ತಗಡಿನ ತಟ್ಟೆ ಇರುತ್ತದೆ. ಅದರೊಳಗೆ ಉದ್ದಕ್ಕೆ ತೂಗುವ ಮೂರು ತೆಳು ಸ್ಪ್ರಿಂಗುಗಳು. ಗಿಟಾರಿನ ದನಿ ಒಂದು ತುದಿಯಲ್ಲಿ ಅವುಗಳನ್ನು ನಡುಗಿಸುತ್ತದೆ; ನಡುಕ ಇನ್ನೊಂದು ತುದಿಗೆ ಓಡಿ, ಬಡಿದು, ಮರಳಿ, ಮತ್ತೆ ಓಡುತ್ತದೆ. ಆ ಓಡಾಟದ ಮರುದನಿಯೇ ರಿವರ್ಬ್. ಪೆಟ್ಟಿಗೆಗೆ ಗುದ್ದಿದರೆ ಸ್ಪ್ರಿಂಗುಗಳು ಒಂದಕ್ಕೊಂದು ಬಡಿದು ಸ್ಪೀಕರಿನಲ್ಲಿ ಗುಡುಗು ಕೇಳಬೇಕು. ಕೇಳದಿದ್ದರೆ ದನಿ ಮರಳುವ ಅರ್ಧ ದಾರಿಯಲ್ಲೇ ತೊಂದರೆ.

ಅಲ್ಲಿಂದ ಶುರು ಮಾಡಿದ್ದಳು. ಮರಳುವ ದನಿಯನ್ನು ದೊಡ್ಡದು ಮಾಡುವ ವಾಲ್ವನ್ನು ಬದಲಿಸಿದಳು. ಬದಲಾವಣೆ ಇಲ್ಲ. ಎರಡು ವೈರುಗಳನ್ನು ಮೀಟರಿಗಿಟ್ಟಳು. ಎಲ್ಲೂ ತುಂಡಾಗಿಲ್ಲ. ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಇದ್ದ ತೂತಿಗೇ ಮರಳಿ ಸಿಕ್ಕಿಸುತ್ತಾ, ತಟ್ಟೆಯ ಎರಡು ತುದಿಯ ತಂತಿಸುರುಳಿಗಳನ್ನು, ಕಾಯಿಲುಗಳನ್ನು, ಅಳೆದಳು. ಹೋಗುವ ಕಡೆಯದು ಒಂದು ಓಮಿಗಿಂತ ಕಡಿಮೆ, ಬರುವ ಕಡೆಯದು ಇನ್ನೂರು. ಎರಡೂ ಇರಬೇಕಾದ ಹಾಗೆಯೇ ಇದ್ದವು.

ಬಿಡಿಬಿಡಿಯಾಗಿ ಎಲ್ಲ ಸರಿ. ಕೂಡಿಸಿದರೆ ಹೆಣ.

ಎರಡು ಗಂಟೆ ಹೀಗೆ ಹೋಯಿತು. ಕೊನೆಗೆ ಟಾರ್ಚ್ ಹಿಡಿದು, ಪೆಟ್ಟಿಗೆಯ ಒಳಗೋಡೆಗೆ ಕಾರ್ಖಾನೆಯವರು ಅಂಟಿಸಿದ್ದ ಹಳದಿ ಬಣ್ಣಕ್ಕೆ ತಿರುಗಿದ ನಕ್ಷೆಯ ಮೇಲೆ ಬೆರಳಿಟ್ಟು, ಮೊದಲ ಸಲ ಸರ್ಕಿಟ್ ಓದುವವಳ ಹಾಗೆ ಗೆರೆಗೆರೆಯಾಗಿ ನಡೆದಳು. ಇಲ್ಲಿಂದ ದನಿ ಹೊರಡುತ್ತದೆ, ಕೆಂಪು ವೈರಿನಲ್ಲಿ. ಅಲ್ಲಿಂದ ಮರಳುತ್ತದೆ, ಬಿಳಿ ವೈರಿನಲ್ಲಿ.

ಟಾರ್ಚಿನ ಬೆಳಕು ನಕ್ಷೆಯಿಂದ ಜಾರಿ ತಟ್ಟೆಯ ಮೇಲೆ ಬಿತ್ತು.

ಕೆಂಪು ಪಿನ್ನು ಮರಳುವ ತೂತಿನಲ್ಲಿತ್ತು. ಬಿಳಿ ಪಿನ್ನು ಹೋಗುವ ತೂತಿನಲ್ಲಿ. ಎರಡೂ ಅದಲುಬದಲು.

ಎರಡು ಗಂಟೆ ಅದು ಅವಳ ಕಣ್ಣೆದುರಿಗೇ ಇತ್ತು. ಕಂಡಿರಲಿಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ, ಏಕೆಂದರೆ ಅಪ್ಪ ಬಿಟ್ಟುಹೋದ ಈ ರಿಪೇರಿ ಬೆಂಚಿನಲ್ಲಿ ಕೆಂಪು ಯಾವಾಗಲೂ ಮರಳುವ ಕಡೆಯೇ.

ಅದು ಅಪ್ಪನ ಪದ್ಧತಿ. ಹೋಗುವ ದನಿ ಗಟ್ಟಿ, ಅದಕ್ಕೇನೂ ಆಗಲ್ಲ. ಮರಳುವ ದನಿ ಎಳೆಗೂಸು, ಅದರ ವೈರಿಗೆ ಕೈ ತಗುಲಿದರೆ ಸ್ಪೀಕರ್ ಚೀರುತ್ತೆ, ಅದಕ್ಕೇ ಕೆಂಪು ಹಾಕು ಅನ್ನುತ್ತಿದ್ದ. ಲೋಕವೆಲ್ಲ ಒಂದು ಕಡೆ, ಅಪ್ಪ ಒಂದು ಕಡೆ. ಅವನ ಕೈಯಿಂದ ಹೊರಬಿದ್ದ ಪ್ರತಿ ಆಂಪ್ಲಿಫೈಯರಿನಲ್ಲೂ ಹಾಗೆಯೇ. ಇದು ಮಾತ್ರ ಕಾರ್ಖಾನೆಯದು. ಇದರಲ್ಲಿ ಕೆಂಪು ವೈರು ಹೋಗುವ ದನಿಯದು, ಹಾಗೆ ಸಿಕ್ಕಿಸಿದರೆ ರಿವರ್ಬ್ ಸಾಯುತ್ತದೆ.

ಪಿನ್ನುಗಳನ್ನು ಬದಲಿಸಿ ಗುದ್ದಿದಳು. ಅಂಗಡಿಯ ಗಾಜು ಅದುರುವಂತೆ ಗುಡುಗಿತು.

ಕೂಡಲೇ ಮೊದಲಿದ್ದ ಹಾಗೆಯೇ ತಿರುಗಿ ಸಿಕ್ಕಿಸಿದಳು. ಅದು ಈಗ ರಿಪೇರಿಯ ವಿಷಯವಾಗಿ ಉಳಿದಿರಲಿಲ್ಲ.

ಚೀಲವನ್ನು ಬೆಳಕಿಗೆ ಎಳೆದು ನೋಡಿದಳು. ಹತ್ತು ವರ್ಷದ ಧೂಳು ಹೊಲಿಗೆಯ ಗುಂಟ ಗಟ್ಟಿಯಾಗಿ ಕೂತಿತ್ತು. ತಟ್ಟೆಯ ಮೇಲೆ ಧೂಳಿನ ಕಣವೂ ಇರಲಿಲ್ಲ. ಹಳೆಯ ಚೀಲದಲ್ಲಿ ಹೊಸ ತಟ್ಟೆ. ಚೀಲದ ಬಾಯಿಯ ಹತ್ತಿರ, ಕೈ ತೂರಿಸುವ ಜಾಗದಲ್ಲಿ, ಹೆಬ್ಬೆರಳಗಲದ ಕಂದು ಕಲೆ.

ಗಾಯದ ಬಗ್ಗೆ ಇನ್ಸ್‌ಪೆಕ್ಟರ್ ಹೇಳಿದ್ದು ನೆನಪಾಯಿತು. ಕಣ್ಣಿನ ಪಕ್ಕದಿಂದ ಕಿವಿಯವರೆಗೆ ಏಳು ಏಟು. ಏಳೂ ಅಡ್ಡಪಟ್ಟಿಯಲ್ಲಿ ಗೆರೆ ಎಳೆದ ಹಾಗೆ ನೇರ, ಮೂಳೆಯವರೆಗೆ. ಒಂದು ಏಟಿಗೆ ಕಣ್ಣುಗುಡ್ಡೆಯೇ ಸೀಳಿತ್ತು. ಆಯುಧ ಸಿಕ್ಕಿರಲಿಲ್ಲ.

ತಟ್ಟೆಯ ಮಡಿಚಿದ ಅಂಚಿನ ಮೇಲೆ ಬೆರಳಾಡಿಸಿದಳು. ತೆಳು, ನೇರ, ಗಟ್ಟಿ.

ಯಾರೋ ಗೊರಗೊರ ಸದ್ದನ್ನು ಸರಿಮಾಡಲು ಹಳೆಯ ತಟ್ಟೆಯನ್ನು ಹೊರಗೆಳೆದಿದ್ದಾರೆ. ಮಾತಿಗೆ ಮಾತು ಬೆಳೆದಿದೆ. ಕೈಯಲ್ಲಿದ್ದದ್ದನ್ನೇ ಏಳು ಸಲ ಬೀಸಿದ್ದಾರೆ. ನಜ್ಜುಗುಜ್ಜಾದ ತಟ್ಟೆಯನ್ನು ಒಯ್ದು, ಅದರ ಜಾಗಕ್ಕೆ ಇನ್ನೊಂದನ್ನು ತಂದು ಸಿಕ್ಕಿಸಿದ್ದಾರೆ. ಎಲ್ಲ ಎಚ್ಚರದಿಂದ. ಕೊನೆಯ ಎರಡು ಪಿನ್ನು ಮಾತ್ರ ಅಭ್ಯಾಸಬಲದಿಂದ.

ಅಪ್ಪನ ಬೆಂಚಿನಲ್ಲಿ ಕಲಿತವರು ಇಬ್ಬರೇ. ಒಬ್ಬಳು ಅಕ್ಕ. ಇನ್ನೊಬ್ಬರು ಅಪ್ಪನ ಹಳೆಯ ಸಹಾಯಕ, ಟೆಸ್ಟರ್ ಮಾಮ.

ತಮ್ಮ ಕಲಿತಿರಲಿಲ್ಲ. ಆರು ವರ್ಷದ ಹಿಂದೆ ಇದೇ ಬೆಂಚಿನಲ್ಲಿ ಎರಡೂ ಕೈ ತಾಗಿಸಿ ಅಪ್ಪ ಕರೆಂಟಿಗೆ ಸತ್ತ ದಿನ, ಹದಿನಾರರ ಪುಟ್ಟನಿಂದ ಅವಳೇ ಆಣೆ ಹಾಕಿಸಿಕೊಂಡಿದ್ದಳು. ಗಿಟಾರ್ ಬಾರಿಸು, ಏನು ಬೇಕಾದರೂ ಮಾಡು. ಸೋಲ್ಡರಿಂಗ್ ಐರನ್ ಮುಟ್ಟಬೇಡ.

ಅವಳು ಮೊದಲು ದನಿಯನ್ನಷ್ಟೇ ತಡೆಯುವ ಸ್ಟ್ಯಾಂಡ್‌ಬೈ ಸ್ವಿಚ್ ಇಳಿಸಿ, ಆಮೇಲೆ ಪ್ಲಗ್ ಕಿತ್ತಳು. ಹಾಗೆ ಮಾಡಿದರೆ ಒಳಗೆ ಕರೆಂಟು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರಿನ ಚಾರ್ಜ್ ಇಳಿಯಲು ದಾರಿ ಇರುವುದಿಲ್ಲ. ತಂತಿ ತಾಗಿಸಿ ಇಳಿಸಬೇಕು. ಪ್ರತಿ ಸಲ ಇಳಿಸುತ್ತಿದ್ದವಳು ಇವತ್ತು ಫೋನಿಗೆ ಕೈ ಹಾಕಿದಳು.

“ಸರ್, ಆ ಆಂಪ್ಲಿಫೈಯರ್ ಬಿಚ್ಚಿ ಜೋಡಿಸಿದ ಕೈ ಯಾರದ್ದು ಅಂತ ಗೊತ್ತಾಗಿದೆ. ನಮ್ಮಪ್ಪನ ಹತ್ರ ಕಲಿತ ಕೈ. ಹೇಗೆ ಅಂತ ಇಲ್ಲಿ ತೋರಿಸ್ತೀನಿ.”

“ನಿಮ್ಮ ತಮ್ಮ?” ಎಂದ ಇನ್ಸ್‌ಪೆಕ್ಟರ್.

“ಅವನು ಸೋಲ್ಡರಿಂಗ್ ಐರನ್ ಮುಟ್ಟಿದವನೇ ಅಲ್ಲ. ಬೇಕಾದರೆ ಬರೆದುಕೊಡ್ತೀನಿ.”

“ಒಂದು ಗಂಟೆಗೆ ಬರ್ತೀನಮ್ಮ. ಅಲ್ಲಿವರೆಗೆ ಯಾವುದಕ್ಕೂ ಕೈ ಹಾಕಬೇಡಿ.”

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಟೆಸ್ಟರ್ ಮಾಮ ನಿಂತಿದ್ದರು.

ಜೇಬಿನಲ್ಲಿ ಎಂದಿನ ಹಸಿರು ಹಿಡಿಯ ಟೆಸ್ಟರು. ಎಡಗೈ ಪ್ಯಾಂಟಿನ ಜೇಬಿನಲ್ಲಿ. ಅದೂ ಅಪ್ಪ ಕಲಿಸಿದ್ದೇ. ಕರೆಂಟಿನ ಹತ್ತಿರ ಒಂದೇ ಕೈ, ಇನ್ನೊಂದು ಜೇಬಿನಲ್ಲಿ. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಮಾಮನಿಗೆ ಅದು ಎಷ್ಟು ಅಂಟಿಕೊಂಡಿತ್ತೆಂದರೆ ಮದುವೆಮನೆಯಲ್ಲೂ ಒಂದೇ ಕೈಯಲ್ಲಿ ನಮಸ್ಕಾರ ಮಾಡಿ ಬೈಸಿಕೊಳ್ಳುತ್ತಿದ್ದರು.

“ಓನರಮ್ಮ ಹೇಳಿದ್ಲು, ಪೆಟ್ಟಿಗೆ ಇಲ್ಲಿಗೆ ಬಂದಿದೆ ಅಂತ,” ಎಂದರು. “ಈ ಸಂಕಟದಲ್ಲಿ ನಿನಗ್ಯಾಕಮ್ಮ ಇದೆಲ್ಲ? ನಾನು ಒಯ್ದು ಮಾಡಿಕೊಡ್ತೀನಿ. ನೀನು ವಕೀಲರ ಹತ್ರ ಹೋಗು.”

“ಮಾಡಿ ಆಯ್ತು ಮಾಮ.”

“ಆಯ್ತಾ? ಏನಾಗಿತ್ತು?”

“ನೀವೇ ಹೇಳಿ.”

ಮಾಮ ಬೆಂಚಿನ ಕಡೆ ನೋಡಿದರು. ಪೆಟ್ಟಿಗೆಯಿಂದ ಕಳಚಿ ಮಗುಚಿಟ್ಟ ಷಾಸಿಯ ಚೌಕಟ್ಟು, ಅದರಿಂದ ತಳಕ್ಕೆ ಇಳಿದ ಎರಡು ವೈರು, ಚೀಲದಿಂದ ಅರ್ಧ ಹೊರಬಂದ ತಟ್ಟೆ. ಅವರ ಕಣ್ಣು ಕೆಂಪು ಪಿನ್ನಿನ ಮೇಲೆ ನಿಂತಿತು. ಎರಡು ಗಂಟೆ ಅವಳಿಗೆ ಕಾಣದ್ದು ಅವರಿಗೆ ಒಂದೇ ನೋಟಕ್ಕೆ ಕಂಡಿತ್ತು. ಏನು ಹುಡುಕಬೇಕು ಎಂದು ಮೊದಲೇ ಗೊತ್ತಿದ್ದವರ ಕಣ್ಣು ಅದು.

ಮಾಮ ಹಿಂದಕ್ಕೆ ಕೈ ಚಾಚಿ ಬಾಗಿಲಿಗೆ ಅಗುಳಿ ಹಾಕಿದರು.

“ಗುರುವಾರ ಮಧ್ಯಾಹ್ನ ಎಲ್ಲಿದ್ರಿ ಮಾಮ?”

“ಆ ತಟ್ಟೆ ಕೊಡು.”

“ಹಳೇ ತಟ್ಟೆ ಎಲ್ಲಿ? ತೊಳೆದಿಟ್ಟಿದ್ದೀರೋ, ಹಾಗೇ ಎಸೆದ್ರೋ?”

“ನಿನಗೆ ಅರ್ಥ ಆಗಲ್ಲ. ಕೊಡು ಅಂದ್ನಲ್ಲ.”

“ಇನ್ಸ್‌ಪೆಕ್ಟರ್ ಬರ್ತಿದ್ದಾರೆ. ಅವರಿಗೇ ಕೊಡ್ತೀನಿ.”

ಮಾಮನ ಮುಖದ ರಕ್ತವೆಲ್ಲ ಇಳಿಯಿತು. ಗೋಡೆಗೆ ತೂಗುಹಾಕಿದ್ದ ಸುತ್ತಿಗೆ ಅವರ ಕೈಗೆ ಬಂದದ್ದು ಅವಳಿಗೆ ಕಾಣಲಿಲ್ಲ. ಬೀಸಿದ್ದು ಮಾತ್ರ ಕಂಡಿತು. ಏಟು ತಟ್ಟೆಯ ಕಡೆಗಿತ್ತು. ಅಕ್ಕ ಅದರ ಮೇಲೆ ಬೋರಲು ಬಿದ್ದಳು. ಸುತ್ತಿಗೆ ಅವಳ ಭುಜದ ಮೂಳೆಗೆ ಬಡಿಯಿತು. ಒಳಗೇನೋ ಒಣಕಡ್ಡಿಯ ಹಾಗೆ ಮುರಿದ ಸದ್ದು ಕೇಳಿಸಿತು. ಅದು ತನ್ನದೇ ಎಂದು ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

“ಬಿಡೇ,” ಎಂದರು ಮಾಮ ಏದುಸಿರಿನಲ್ಲಿ. “ಬಿಡು ಅಂದ್ರೆ.”

ಅವಳು ಬಿಡಲಿಲ್ಲ. ಜಡೆಗೆ ಕೈ ಹಾಕಿ ಎಳೆದು ಅವಳ ಹಣೆಯನ್ನು ಬೆಂಚಿನ ಅಂಚಿಗೆ ಅಪ್ಪಳಿಸಿದರು. ಒಮ್ಮೆ. ಇನ್ನೊಮ್ಮೆ. ಬಾಯಿಗೆ ಉಪ್ಪಿನ ರುಚಿ ಬಂತು, ಎಡಗಣ್ಣಿಗೆ ಕೆಂಪು ಪರದೆ ಇಳಿಯಿತು.

ಕೈಗೆ ಸಿಕ್ಕಿದ್ದು ಸೋಲ್ಡರಿಂಗ್ ಐರನ್. ಅಂಗಡಿ ತೆರೆದಾಗ ಹಚ್ಚಿಟ್ಟದ್ದು ಇನ್ನೂ ಕಾದಿತ್ತು. ಹಿಂದಕ್ಕೆ ಚುಚ್ಚಿದಳು. ಚರ್ ಎಂದಿತು. ಮುಂಗೈ ಕೂದಲು ಸುಟ್ಟ ವಾಸನೆಯ ಜೊತೆಗೆ ಮಾಮನ ಗಂಟಲಿನಿಂದ ದನದ ಕೂಗಿನಂಥ ಸದ್ದು ಹೊರಟಿತು. ಸುತ್ತಿಗೆ ಬಿತ್ತು. ಮರುಕ್ಷಣ ಗಿಟಾರಿನ ವೈರು ಅವಳ ಕುತ್ತಿಗೆಯ ಸುತ್ತ ಬಿಗಿಯಿತು.

ಅದು ಅವಳೇ ಟೆಸ್ಟಿಗೆಂದು ಬೆಂಚಿನ ಮೇಲಿಟ್ಟಿದ್ದ ವೈರು. ಒಳ್ಳೆಯ ವೈರು. ತುಂಡಾಗುವಂಥದ್ದಲ್ಲ.

ಕಣ್ಣಿನ ಅಂಚು ಕಪ್ಪಾಗುತ್ತಾ ಬಂತು. ಕಾಲು ಒದ್ದಳು, ಸ್ಟೂಲು ಉರುಳಿತು. ಮಾಮನ ಉಸಿರು ಕಿವಿಯ ಹತ್ತಿರ ಬಿಸಿಯಾಗಿತ್ತು. ಅವರು ಅಳುತ್ತಿದ್ದರು. ವೈರನ್ನು ಬಲಗೈಗೆ ಸುತ್ತಿಕೊಂಡು, ಊರಲು ಆಸರೆ ಬೇಕಾಗಿ ಎಡಗೈಯನ್ನು ಷಾಸಿಯ ಲೋಹದ ಅಂಚಿನ ಮೇಲೆ ಇಟ್ಟಿದ್ದರು. ನಲವತ್ತು ವರ್ಷದ ಅಭ್ಯಾಸ ತಪ್ಪಿ ಎರಡೂ ಕೈ ಜೇಬಿನಿಂದ ಹೊರಗಿದ್ದವು.

ಕೆಪಾಸಿಟರ್.

ಹೆಸರು ತಲೆಗೆ ಬಂದದ್ದೇ ಅವಳು ಮಾಮನ ಬಲಗೈಯ ತೋಳಿನ ಬಟ್ಟೆಯನ್ನು, ಬಟ್ಟೆಯನ್ನು ಮಾತ್ರ, ಹಲ್ಲು ಕಚ್ಚಿ ಮುಂದಕ್ಕೆ ಎಳೆದಳು. ಆ ಮುಷ್ಟಿಯ ಗೆಣ್ಣು ದೊಡ್ಡ ಕೆಪಾಸಿಟರಿನ ತುದಿಗೆ ತಾಗಿತು.

ಪಟ್ ಎಂದು ನೀಲಿ ಕಿಡಿ ಹಾರಿತು. ನಾನೂರು ವೋಲ್ಟ್ ಒಂದು ಕೈಯಿಂದ ಇನ್ನೊಂದು ಕೈಗೆ, ನಡುವಿನ ಎದೆಯನ್ನು ಹಾದು ಹೋಯಿತು. ಮಾಮ ಯಾರೋ ಒದ್ದ ಹಾಗೆ ಹಿಂದಕ್ಕೆ ಹಾರಿ, ಕಬ್ಬಿಣದ ರ‍್ಯಾಕಿಗೆ ತಲೆ ಬಡಿದುಕೊಂಡು ಕುಸಿದರು. ಮೇಲಿನಿಂದ ಹಳೆಯ ಸ್ಪೀಕರೊಂದು ಅವರ ಮೊಣಕಾಲಿನ ಮೇಲೆ ಬಿತ್ತು.

ಅಕ್ಕ ಕುತ್ತಿಗೆಯ ವೈರು ಬಿಡಿಸಿಕೊಂಡು ಕೆಮ್ಮಿದಳು. ನೆಲಕ್ಕೆ ರಕ್ತ ಉಗಿದಳು. ಅಪ್ಪ ಬಿದ್ದಿದ್ದೂ ಅದೇ ರ‍್ಯಾಕಿನ ಬುಡದಲ್ಲಿ, ಅದೇ ಭಂಗಿಯಲ್ಲಿ. ತೆವಳಿಕೊಂಡು ಹೋಗಿ ಮಾಮನ ಮೂಗಿನ ಹತ್ತಿರ ಬೆರಳಿಟ್ಟಳು.

ಉಸಿರಿತ್ತು. ಕಣ್ಣೂ ತೆರೆದಿತ್ತು.

“ಸಾಯಿಸೋಕೆ ಬಂದಿದ್ದಲ್ಲ ಕಣಮ್ಮ,” ಎಂದರು. ತುಟಿ ಮಾತ್ರ ಅಲುಗಿತು.

“ಕುತ್ತಿಗೆಗೆ ವೈರು ಹಾಕಿದ್ದು ಹಾರ ಅಂತಲೋ?”

“ನೀನು ತಟ್ಟೆ ಬಿಡಲಿಲ್ಲ. ನನಗೆ ತಲೆ ಕೆಟ್ಟುಹೋಯ್ತು. ಆ ಎರಡು ಪಿನ್ನು ಬದಲಾಯಿಸಿಬಿಟ್ರೆ ಸಾಕಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಏನು ಗೊತ್ತಾಗ್ತಿರಲಿಲ್ಲ?”

ಮಾಮ ಕೈಯನ್ನು ಎದೆಗೆ ಎಳೆದುಕೊಂಡರು. ಸುಟ್ಟ ಮುಂಗೈಯಿಂದ ನೀರು ಒಸರುತ್ತಿತ್ತು.

“ನಿಮ್ಮಪ್ಪನ ಕೈಯಲ್ಲಿ ಕಲಿತವರು ಇಬ್ಬರು. ಸರಿ. ನನ್ನ ಕೈಯಲ್ಲಿ ಎಷ್ಟು ಜನ ಅಂತ ಯಾವತ್ತಾದರೂ ಕೇಳಿದ್ದೀಯಾ?”

ಅಕ್ಕನ ಬೆರಳು ಅವರ ಮೂಗಿನ ಹತ್ತಿರವೇ ನಿಂತಿತು.

“ವಾರಕ್ಕೆರಡು ದಿನ ನಮ್ಮನೆಗೆ ಬರ್ತಿದ್ದ. ಮೂರು ವರ್ಷ. ‘ಅಕ್ಕನಿಗೆ ಹೇಳಬೇಡಿ, ಆಣೆ ಹಾಕಿಸಿಕೊಂಡಿದ್ದಾಳೆ’ ಅಂದ. ನಿನಗಿಂತ ಚೆನ್ನಾಗಿ ಸೋಲ್ಡರ್ ಮಾಡ್ತಾನೆ ಪುಟ್ಟ. ಕೆಂಪು ವೈರು ಯಾವ ಕಡೆ ಅಂತ ನಾನೇ ಹೇಳಿಕೊಟ್ಟಿದ್ದು.”

“ಸುಳ್ಳು.”

“ಗುರುವಾರ ಸಂಜೆ ಐದೂವರೆಗೆ ಬಂದ. ಒಂದು ತಟ್ಟೆ ಬೇಕು ಅಂದ. ಯಾಕೆ ಅಂತ ಕೇಳಲಿಲ್ಲ ನಾನು. ಕೊಟ್ಟೆ.”

“ಸುಳ್ಳು ಹೇಳ್ತಿದ್ದೀರಿ. ನೀವೇ ಹೊಡೆದು ಅವನ ತಲೆಗೆ ಕಟ್ತಿದ್ದೀರಿ.”

“ಆಗಲಿ. ಇನ್ಸ್‌ಪೆಕ್ಟರ್ ಬಂದಮೇಲೆ ಅದನ್ನೇ ಹೇಳು. ನಾನು ಇಲ್ಲ ಅನ್ನಲ್ಲ.” ಮಾಮ ಕಣ್ಣು ಮುಚ್ಚಿದರು. “ನಿನಗೆ ನಂಬಿಕೆ ಇದ್ರೆ ಹೇಳು.”

ಹೊರಗೆ ಜೀಪು ನಿಂತಿತು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು.

ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷ ಇತ್ತು. ಫೋನಿನಲ್ಲಿ ತಾನೇ ಆಡಿದ ಮಾತು ಅವಳ ಕಿವಿಯಲ್ಲಿ ಮೊಳಗಿತು. ನಮ್ಮಪ್ಪನ ಹತ್ರ ಕಲಿತ ಕೈ. ತಮ್ಮನನ್ನು ಬಿಡಿಸಲು ಅವಳು ಹೊಸೆದ ಹಗ್ಗ ಅದು. ಮಾಮನ ಮಾತು ನಿಜವಾದರೆ ಅದು ಸುತ್ತಿಕೊಳ್ಳುವುದು ಪುಟ್ಟನ ಕೊರಳಿಗೇ.

ಆದರೆ ಕೆಂಪು ವೈರಿನ ವಿಷಯ ಅವಳು ಫೋನಿನಲ್ಲಿ ಹೇಳಿರಲಿಲ್ಲ. ಅದನ್ನು ಬಲ್ಲವರು ಈ ಕೋಣೆಯಲ್ಲಿ ಇಬ್ಬರೇ.

ಮುರಿದ ಭುಜವನ್ನು ಎಳೆದುಕೊಂಡು ಆಂಪ್ಲಿಫೈಯರಿನ ಹತ್ತಿರ ತೆವಳಿದಳು. ಎರಡೂ ಪಿನ್ನು ಕಿತ್ತಳು. ಬದಲಿಸಿ ಸಿಕ್ಕಿಸಲು ಎರಡು ಉಸಿರಿನಷ್ಟು ಹೊತ್ತು ಸಾಕು. ಸಿಕ್ಕಿಸಿದರೆ ಅದು ಬರೀ ರಿಪೇರಿಯಾದ ಪೆಟ್ಟಿಗೆ. ಆದರೆ ಮಾಮ ಸುಳ್ಳು ಹೇಳುತ್ತಿದ್ದರೆ, ತಮ್ಮನನ್ನು ಉಳಿಸುವ ಒಂದೇ ಸಾಕ್ಷಿಯನ್ನು ಅವಳ ಕೈಯೇ ಅಳಿಸಿದಂತೆ.

“ಅಮ್ಮಾ, ಬಾಗಿಲು ತೆಗೀರಿ.”

ಅವಳು ಅಲುಗಲಿಲ್ಲ. ಹೊರಗಿನಿಂದ ಭುಜ ಕೊಟ್ಟು ತಳ್ಳಿದರು. ಹಳೆಯ ಅಗುಳಿ ಸ್ಕ್ರೂ ಸಮೇತ ಕಿತ್ತು ಬಂತು.

ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ನಿಂತ. ನೆಲದ ಮೇಲಿನ ಮುದುಕ, ರಕ್ತ, ಸುತ್ತಿಗೆ, ಅವಳ ಕುತ್ತಿಗೆಯ ಸುತ್ತ ನೀಲಿಗಟ್ಟುತ್ತಿದ್ದ ಗೆರೆ. ಒಂದೊಂದನ್ನೂ ನೋಡಿದ. ಪೇದೆಗೆ ಕಣ್ಸನ್ನೆ ಮಾಡಿದ. ಅವನು ಮಾಮನ ಹತ್ತಿರ ಮಂಡಿಯೂರಿದ.

“ಬದುಕಿದ್ದಾರೆ ಸರ್.”

“ಆಂಬುಲೆನ್ಸ್ ಹೇಳು.” ಇನ್ಸ್‌ಪೆಕ್ಟರ್ ಅವಳೆದುರು ಕುಕ್ಕುರುಗಾಲಿನಲ್ಲಿ ಕೂತ. ದನಿ ಮೆತ್ತಗಿತ್ತು. “ನಿಮಗೂ ಆಸ್ಪತ್ರೆ ಬೇಕು. ಅದಕ್ಕೆ ಮೊದಲು ಒಂದು ಮಾತು. ಮೂರು ದಿನದಿಂದ ನಿಮ್ಮ ತಮ್ಮ ಒಂದೇ ಪಾಠ ಒಪ್ಪಿಸ್ತಿದ್ದ. ನಾನು ಹೋದಾಗ ಬಿದ್ದಿದ್ದ, ಎತ್ತಿದೆ, ಓಡಿದೆ. ಈಗ ಹೊರಡೋವಾಗ, ಎಲ್ಲಿಗೆ ಅಂತ ಕೇಳಿದ. ನಿಮ್ಮಕ್ಕನ ಅಂಗಡಿಗೆ ಅಂದೆ. ಸರಳಿಗೆ ಮುಖ ಒತ್ತಿಕೊಂಡು ಗೋಳೋ ಅಂತ ಅತ್ತ. ನಿಮ್ಮನ್ನ ಒಂದು ಪ್ರಶ್ನೆ ಕೇಳಿಕೊಂಡು ಬರಬೇಕಂತೆ.”

“ಏನು?”

“ಕೆಂಪು ವೈರು ಯಾವ ಕಡೆ ಇತ್ತು ಅಂತ.”

ರ‍್ಯಾಕಿನ ಬುಡದಲ್ಲಿ ಮಾಮ ಮುಖ ಆ ಕಡೆ ಹೊರಳಿಸಿದರು.

“ನನಗೆ ತಲೆಬುಡ ಅರ್ಥ ಆಗಲಿಲ್ಲ,” ಎಂದ ಇನ್ಸ್‌ಪೆಕ್ಟರ್. ಅವನ ನೋಟ ಅವಳ ಮುಖದಿಂದ ಇಳಿದು, ತೋಳಿನ ಗುಂಟ ಸರಿದು, ಕೈಗಳ ಮೇಲೆ ನಿಂತಿತು. “ಸೋಲ್ಡರಿಂಗ್ ಐರನ್ ಮುಟ್ಟದವನಿಗೆ ವೈರಿನ ಚಿಂತೆ ಯಾಕಮ್ಮ?”

ಅಕ್ಕನ ಬಲಗೈಯಲ್ಲಿ ಕೆಂಪು ಪಿನ್ನಿತ್ತು, ಎಡಗೈಯಲ್ಲಿ ಬಿಳಿ. ತಟ್ಟೆಯ ಎರಡೂ ತೂತು ಖಾಲಿ.